ಮೊಂಡು ಚಾಕು

"ಈರುಳ್ಳಿ ಇಷ್ಟು ದಪ್ಪ ಹೆಚ್ಚಿದ್ರೆ ಅದು ಬೇಯೋದು ಯಾವಾಗ, ನಾವು ತಿನ್ನೋದು ಯಾವಾಗ?"

ಕಸಿಗಾರ ತಲೆ ಎತ್ತಿದ. ಹಿತ್ತಿಲ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ತಟ್ಟೆ ಇಟ್ಟುಕೊಂಡು, ಕುಕ್ಕರಗಾಲಿನಲ್ಲಿ ಕೂತು, ಕೆಲಸಕ್ಕೆ ಹೊರಡುವ ಮುಂಚೆ ಅವನು ಈರುಳ್ಳಿ ಹೆಚ್ಚುತ್ತಿದ್ದ. ಹೆಂಡತಿ ಹಿತ್ತಿಲ ಬಾಗಿಲಿಗೆ ಒರಗಿ ನಿಂತಿದ್ದಳು. ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಅಂಗಿ, ಬಾಚದ ತಲೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿ ಅವಳೇ ಆಡಿದ ಮೊದಲ ಮಾತು ಇದು. ಇಲ್ಲಿಯವರೆಗೆ ಹೂಂ, ಬೇಡ, ಸಾಕು ಅನ್ನುವ ಮೂರು ಮಾತಿನಲ್ಲಿ ಮನೆ ನಡೆದಿತ್ತು.

ಅವನಿಗೆ ಆದ ಸಂತೋಷಕ್ಕೆ ತಟ್ಟೆಯನ್ನು ಎತ್ತಿ ಗೋಡೆಯಾಚೆ ಎಸೆಯಬೇಕು ಅನ್ನಿಸಿತು. ಆದರೆ ಹೆದರಿದ. ಗುಬ್ಬಿ ಕಿಟಕಿಯಲ್ಲಿ ಬಂದು ಕೂತರೆ ಮಾಡುವ ಹಾಗೆ, ಅಲುಗಾಡದೆ, ಈರುಳ್ಳಿಯ ಕಡೆಗೇ ನೋಡುತ್ತ ಹೇಳಿದ: "ಹೊಟ್ಟೆಗೆ ಹೋದ್ಮೇಲೆ ದಪ್ಪ ಏನು, ತೆಳು ಏನು?"

"ಹಾಗಾದ್ರೆ ಇಡೀದನ್ನೇ ನುಂಗಿ. ಹೆಚ್ಚೋ ಕಷ್ಟ ಯಾಕೆ?"

ಅವನು ನಕ್ಕ. ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು. ಈರುಳ್ಳಿ ಎದುರಿಗಿದ್ದದ್ದು ಒಳ್ಳೆಯದಾಯಿತು, ಯಾವ ನೀರು ಯಾವುದರದು ಎಂದು ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. ಕಣ್ಣು ಒರೆಸಿಕೊಂಡು ನೋಡಿದಾಗ ಅವಳ ನೋಟ ಈರುಳ್ಳಿಯ ಮೇಲಿರಲಿಲ್ಲ, ಅವನ ಕೈಯಲ್ಲಿದ್ದ ಚಾಕುವಿನ ಮೇಲಿತ್ತು. ಅವನು ತಕ್ಷಣ ಅದನ್ನು ಮಡಚಿದ. ಟಕ್ ಎಂದು ಸದ್ದಾಯಿತು. ಅವನು ಮಡಚಿದ್ದನ್ನೂ ಅವಳು ನೋಡಿದಳು. ಇನ್ನೂ ಅರ್ಧ ಈರುಳ್ಳಿ ಕಲ್ಲಿನ ಮೇಲೆ ಹಾಗೇ ಉಳಿದಿತ್ತು. ಅವಳು ಒಳಗೆ ಹೋದಳು.

ಚಾಕು ಕಸಿ ಕಟ್ಟುವ ಚಾಕು. ಮಡಚಿದರೆ ಅಂಗೈಯೊಳಗೆ ಮುಚ್ಚಿಹೋಗುತ್ತದೆ. ಕೆಲಸ ಕಲಿಸಿದ ಗುರು ಸಾಯುವ ಮುಂಚೆ ಕೊಟ್ಟದ್ದು. ಹಿಡಿಯ ಮರ ಇಬ್ಬರ ಬೆವರು ಕುಡಿದು ಕಪ್ಪಾಗಿತ್ತು. ಮದುವೆಯಾದ ಹೊಸದರಲ್ಲೇ ಹೆಂಡತಿ ಅದಕ್ಕೆ "ಸವತಿ" ಎಂದು ಹೆಸರಿಟ್ಟಿದ್ದಳು. ಮನೆಗೆ ಬಂದರೆ ಮೊದಲು ಸವತಿಯನ್ನು ಒರೆಸಿ, ಎಣ್ಣೆ ಹಚ್ಚಿ, ಆಮೇಲೆ ನನ್ನ ಮುಖ ನೋಡ್ತೀರಿ ಎಂದು ಅಣಕಿಸುತ್ತಿದ್ದಳು. ಮಾತು ಅಂದರೆ ಅವಳದು ಹಾಗೆ, ಬಾಯಿ ಬಿಟ್ಟರೆ ಬೀದಿಯೆಲ್ಲ ನಗುತ್ತಿತ್ತು. ಅಡುಗೆಯಲ್ಲಿ ಮಾತ್ರ ತಮಾಷೆ ಇಲ್ಲ. ಈರುಳ್ಳಿಯ ಒಂದು ಎಸಳನ್ನು ಕಿಟಕಿಗೆ ಹಿಡಿದು ನೋಡಿ, "ಬೆಳಕು ದಾಟಬೇಕು, ಹಾಗೆ ಹೆಚ್ಚಬೇಕು," ಎಂದು ಅವನಿಗೇ ಪಾಠ ಹೇಳುತ್ತಿದ್ದಳು.

ಅಂಥವಳು ಯಾವಾಗ ಮಾತು ಕಡಿಮೆ ಮಾಡಿದಳು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಗಿಡ ಒಣಗುವಾಗ ಮೊದಲ ಎಲೆ ಯಾವುದು ಬಾಡಿತು ಎಂದು ಹೇಳಬಲ್ಲವನಿಗೆ ಇದು ಗೊತ್ತಾಗಲಿಲ್ಲ. ಆಸ್ಪತ್ರೆಗೆ ಹೋಗಬೇಕಾಗಿ ಬಂದ ಆ ಸಂಜೆ, ಮನೆಯಲ್ಲಿ, ಅವನು ಅವಳ ಪಕ್ಕದಲ್ಲೇ ಕೂತು ಚಾಕು ಮಸೆದ. ಮುಂಗೈಯ ಕೂದಲು ಹೆರೆದು ನೋಡಿ, ಭೇಷ್ ಎಂದುಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹಾಲು ತರಲು ಹೋದ. ಅಂಗಡಿಯಲ್ಲಿ ಯಾರೋ ಸಿಕ್ಕಿದರು, ಮಾತಿಗೆ ನಿಂತ. ಬಂದಾಗ ಏನು ಕಂಡ ಎನ್ನುವುದನ್ನು ಅವನು ಸ್ವಂತ ಅಕ್ಕನಿಗೂ ಹೇಳಿಲ್ಲ, ನಾವೂ ಕೇಳುವುದು ಬೇಡ. ಹೊಲಿಗೆ ಹಾಕಿದ ಡಾಕ್ಟರು, "ಗಾಯ ನೇರವಾಗಿದೆ, ಬೇಗ ಕೂಡುತ್ತೆ," ಎಂದರು. ಧೈರ್ಯ ಹೇಳಲೆಂದೇ ಹೇಳಿದ್ದು. ಕಸಿಗೆ ಗುರು ಹೇಳುತ್ತಿದ್ದ ಮಾತೂ ಅದೇ. ಅವನು ಆಸ್ಪತ್ರೆಯ ಹಿಂದೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ.

ಯಾಕೆ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಏನೂ ಆಗಿರ್ಲಿಲ್ಲ. ಸಾಕಾಗಿತ್ತು." ಮಕ್ಕಳಿಲ್ಲದ ಕೊರಗು ಎಂದು ಬೀದಿ ತೀರ್ಮಾನಿಸಿತು. ಆದರೆ ಆ ಹೊಳೆಯನ್ನು ಅವರಿಬ್ಬರೂ ಎಂದೋ ಕೈಹಿಡಿದು ದಾಟಿ ಬಂದಿದ್ದರು. ಊರಿಗೆ ಒಂದು ಕಾರಣ ಬೇಕು, ಸಿಕ್ಕಿತು. ಅವನಿಗೆ ಸಿಗಲಿಲ್ಲ.

ಮನೆಯಿಂದ ಚಾಕು, ಕತ್ತರಿ, ಬ್ಲೇಡು, ಗಾಜಿನ ಲೋಟ, ಕೊನೆಗೆ ಗೋಡೆಯ ಕನ್ನಡಿ ಕೂಡ ಅಕ್ಕನ ಮನೆಗೆ ಹೋದವು. ಗಂಡ ಸತ್ತ ಅಕ್ಕ, ಇವನಿಗಿಂತ ದೊಡ್ಡವಳು, ಹಗಲು ಪೂರ್ತಿ ಇಲ್ಲೇ ಬಂದು ಕೂರಲು ಒಪ್ಪಿದ್ದಳು. ಚೀಲಕ್ಕೆ ಒಂದೊಂದೇ ತುಂಬುತ್ತ, "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಎಂದು ಗೊಣಗಿದಳು. ಆಮೇಲೆ ಅವನ ಜೇಬಿನ ಕಡೆ ಬೆರಳು ಮಾಡಿದಳು. "ಲೋ ತಮ್ಮ, ಎಲ್ಲಾದಕ್ಕಿಂತ ಮೊದ್ಲು ಅದನ್ನ ಬಾವಿಗೆ ಹಾಕೋ."

"ಅದು ಹೊಟ್ಟೆಪಾಡು ಅಕ್ಕ."

"ಹಾಗಾದ್ರೆ ಕೆಲಸದ ಜಾಗದಲ್ಲೇ ಬಿಟ್ಟು ಬಾ."

ಬಿಟ್ಟೂ ನೋಡಿದ. ಒಂದು ವಾರ ಸಸಿತೋಟದ ಶೆಡ್ಡಿನಲ್ಲಿ ಬೀಗ ಹಾಕಿಟ್ಟು ಬಂದ. ಮನೆಗೆ ಬಂದು ಕೈ ಜೇಬಿಗೆ ಹೋದರೆ ಜೇಬು ಖಾಲಿ. ಶೆಡ್ಡಿನಲ್ಲಿಟ್ಟೆನೋ, ಮನೆಯಲ್ಲೇ ಎಲ್ಲಾದರೂ ಬಿಟ್ಟೆನೋ? ಎದ್ದು ಹಾಸಿಗೆ ಕೊಡವಿ, ಡಬ್ಬಿಗಳ ಹಿಂದೆ ಕೈಹಾಕಿ ಹುಡುಕಿದ. ಅವಳು ಮಲಗಿದಲ್ಲಿಂದಲೇ, "ಶೆಡ್ಡಲ್ಲಿದೆ ಅಂತ ನೀವೇ ಹೇಳಿದ್ರಲ್ಲ," ಎಂಬಂತೆ ನೋಡುತ್ತಿದ್ದಳು, ಬಾಯಲ್ಲಿ ಹೇಳಲಿಲ್ಲ. ಜಗತ್ತಿನಲ್ಲಿ ಅದು ಇಲ್ಲೇ ಇದೆ ಎಂದು ಅವನು ಖಚಿತವಾಗಿ ಹೇಳಬಲ್ಲ ಜಾಗ ಒಂದೇ, ತನ್ನ ಜೇಬು. ಅಲ್ಲಿಂದಾಚೆಗೆ ಚಾಕು ಅವನ ಮೈ ಬಿಟ್ಟು ಹೋಗಲಿಲ್ಲ, ಮನೆಯ ಈರುಳ್ಳಿ ಹೆಚ್ಚುವುದೂ ಅದರಲ್ಲೇ ಆಯಿತು. ಸ್ನಾನಕ್ಕೆ ಹೋದರೆ ಬಚ್ಚಲಿಗೂ ಬಂತು, ಮಲಗಿದರೆ ಸೊಂಟದ ಲಾಡಿಗೆ ಸಿಕ್ಕಿಸಿಕೊಂಡ. ಬಿಸಿ ತುಪ್ಪದ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದ. ಮಸೆಯುವುದನ್ನು ನಿಲ್ಲಿಸಿಬಿಟ್ಟ. ಜೇಬು ಎಂದಾದರೂ ಮೋಸ ಮಾಡಿದರೂ ಚಾಕು ಮೊಂಡಾಗಿರಲಿ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದು ಎಂಥ ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಆದರೂ ಮಸೆಗಲ್ಲನ್ನು ಶೆಡ್ಡಿಗೆ ಒಯ್ದು ಗೋಣಿಯ ಕೆಳಗೆ ತಳ್ಳಿಟ್ಟ.

ಸಸಿತೋಟದಲ್ಲಿ ಆಗ ಬೆಣ್ಣೆಹಣ್ಣಿನ ಕಸಿಯ ಕಾಲ. ಕಸಿ ಎಂದರೆ ದೊಡ್ಡ ವಿದ್ಯೆಯೇನಲ್ಲ, ನೋಡಿದವರಿಗೆಲ್ಲ ಅರ್ಥವಾಗುತ್ತದೆ. ಬೀಜದಿಂದ ಬಂದ ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು. ಒಳ್ಳೆಯ ಮರದ ಕಡ್ಡಿಯನ್ನು ಬೆಣೆಯ ಹಾಗೆ ಕೆತ್ತಿ ಸೀಳಿನೊಳಗೆ ಕೂರಿಸಬೇಕು. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟಿ, ಕಾಯಬೇಕು. ಕೆತ್ತುವಾಗ ಒಂದೇ ಎಳೆತ. ಕೆತ್ತಿದ ಮುಖಕ್ಕೆ ಬೆರಳು ತಾಗಬಾರದು. ಅದಕ್ಕೇ ಕಸಿಗಾರರು ಕೆತ್ತುವಾಗ ಮಾತಾಡುವುದಿಲ್ಲ, ಉಗುಳು ಹಾರೀತು ಎಂದು. "ಎರಡನೇ ಸಲ ಎಳೆದ್ರೆ ಅದು ಕಸಿ ಅಲ್ಲ, ಸೌದೆ," ಎನ್ನುತ್ತಿದ್ದ ಗುರು. ಈಗ ಶಿಷ್ಯ ಮೂರು ಸಲ, ನಾಲ್ಕು ಸಲ ಎಳೆಯುತ್ತಿದ್ದ. ಕಡ್ಡಿ ಸಿಗಿದು ನಾರು ಏಳುತ್ತಿತ್ತು.

ಪಕ್ಕದಲ್ಲಿ ಕೂತು ಪಟ್ಟಿ ಕಟ್ಟುವ ಹೆಂಗಸಿಗೆ ಮೊದಲ ದಿನವೇ ತಿಳಿಯಿತು. ಅವಳ ಬೆರಳಿಗೆ ಬರುವುದು ಇವನು ಕೆತ್ತಿದ ಗಾಯವೇ ತಾನೆ? ಕೆಲವು ದಿನ ಬಿಟ್ಟು, ಊಟದ ಬಿಡುವಿನಲ್ಲಿ, "ಅಣ್ಣಾ, ನಿಮ್ಮ ಚಾಕು ಕೊಡಿ, ಸಾಣೆ ಹಿಡಿಸ್ಕೊಂಡು ಬರ್ತೀನಿ," ಎಂದಳು. ಅವನ ಕೈ ಜೇಬಿಗೆ ಹೋಯಿತು. ಅವಳು ನಕ್ಕಳು. "ಚಾಕು ಅಂದ ಕೂಡ್ಲೆ ಜೇಬು ಮುಟ್ಕೋತೀರಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಹಾಗೆ." ಅವನು ನಗಲಿಲ್ಲ. ಅವಳೂ ಮತ್ತೆ ಆ ಮಾತು ಎತ್ತಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಹೆಂಡತಿಗೆ ಪೆಟ್ಟಾಯಿತು ಎಂದು ತೋಟದಲ್ಲಿ ಎಲ್ಲರಿಗೂ ಹೇಳಿದ್ದ. ಎಲ್ಲರೂ ನಂಬಿದ್ದರು, ಇವಳೊಬ್ಬಳನ್ನು ಬಿಟ್ಟು.

ಕಸಿಗಳು ಸಾಲುಸಾಲಾಗಿ ಸತ್ತವು. ಕೂಡಿದ ಕಡೆ ಕಪ್ಪಾಗಿ, ಕಡ್ಡಿ ಮುರುಟಿ, ಪಟ್ಟಿಯೊಳಗೇ ಕೊಳೆತವು. ಯಜಮಾನ ಮೊದಲು ನೀರನ್ನು ಬೈದ, ಆಮೇಲೆ ಮಣ್ಣನ್ನು ಬೈದ, ಔಷಧಿ ಹೊಡೆಸಿದ. ಒಂದು ಮಧ್ಯಾಹ್ನ ಸತ್ತ ಕಸಿಯೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ನೆರಳುಪರದೆಯ ಕೆಳಗೆ ಇವನು ಕೂತಿದ್ದಲ್ಲಿಗೆ ಬಂದು ಅದನ್ನು ಮುಂದೆ ಇಟ್ಟ.

"ಇದು ಚಾಕುವಿನ ಕೆಲಸಾನೋ, ಹಲ್ಲಿನ ಕೆಲಸಾನೋ?"

ಕಸಿಗಾರ ಚಾಕು ಮಡಚಿ ಜೇಬಿಗೆ ಹಾಕಿದ.

"ನಿನ್ನ ಕಸಿ ಅಂದ್ರೆ ಜನ ಕಣ್ಣುಮುಚ್ಚಿ ಒಯ್ತಿದ್ರು. ಮನೇಲಿ ಏನೋ ಕಷ್ಟ ಇದೆ, ಗೊತ್ತು. ನಾನು ಕೇಳಲ್ಲ. ಆದ್ರೆ ನಾಳೆ ಹರಿತ ಚಾಕು ಹಿಡ್ಕೊಂಡು ಬಾ. ಇಲ್ಲಾಂದ್ರೆ ಬರಲೇಬೇಡ." ಹೇಳಿ ಮುಗಿಸಿದ ಮೇಲೂ ಯಜಮಾನ ಸ್ವಲ್ಪ ಹೊತ್ತು ನಿಂತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಸಿಗಾರ ಅವನನ್ನು ಬೈದುಕೊಂಡು ಮೊಂಡುಚಾಕುವಿನಲ್ಲೇ ದಿನ ದೂಡಬಹುದಿತ್ತು.

ಆ ಸಂಜೆ ಎಲ್ಲರೂ ಹೋದ ಮೇಲೆ ಕಸಿಗಾರ ಶೆಡ್ಡಿನ ಹಿಂದೆ ಕೂತು ಚಾಕು ಮಸೆದ. ಕಲ್ಲಿನ ಮೇಲೆ ಅಲಗು ಓಡುವ ಸದ್ದಿಗೆ ಅವನ ಮೈ ಜುಮ್ಮೆಂದಿತು. ಕೈ ಮಾತ್ರ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು, ಅದಕ್ಕೆ ಏನು ಗೊತ್ತು? ಕೊನೆಗೆ ಅಭ್ಯಾಸಬಲದಿಂದ ಮುಂಗೈಯ ಕೂದಲು ಹೆರೆದು ನೋಡಿದ. ಹೆರೆಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಕಲ್ಲಿನ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ಚಾಕು ತಾನಾಗಿಯೇ ಈರುಳ್ಳಿಯೊಳಗೆ ಇಳಿಯಿತು. ಎಸಳುಗಳು ಒಂದರ ಮೇಲೊಂದು ಒರಗಿ ಬಿದ್ದವು. ಅರ್ಧ ಹೆಚ್ಚಿದ ಮೇಲೆ ಅವನಿಗೆ ಎಚ್ಚರವಾಯಿತು.

ಹೆಂಡತಿ ಬಾಗಿಲಿಗೆ ಬಂದಳು. ದಪ್ಪ ಈರುಳ್ಳಿಯ ಜಗಳ ಆದಾಗಿನಿಂದ ಬೆಳಿಗ್ಗೆ ಬಾಗಿಲಿಗೆ ಬರುವುದು ರೂಢಿಯಾಗಿತ್ತು. ದಿನಕ್ಕೊಂದು ಕುಹಕ. "ಇದು ಈರುಳ್ಳೀನಾ, ಇಟ್ಟಿಗೇನಾ?" "ಮನೆ ಕಟ್ಟೋಕೆ ಹೆಚ್ತಿದ್ದೀರಾ?" ಅಷ್ಟು ಮಾತಿಗಾಗಿ ಅವನು ಇಡೀ ದಿನ ಬದುಕುತ್ತಿದ್ದ. ಇವತ್ತು ಅವಳು ತಟ್ಟೆ ನೋಡಿ ತಡೆದು ನಿಂತಳು.

"ತೆಳ್ಳಗಿದೆ," ಎಂದಳು. "ಸಾಣೆ ಹಿಡಿಸಿದ್ರಾ?"

"ಇಲ್ಲ. ಎಳೇ ಈರುಳ್ಳಿ."

ಅವಳು ಬಾಗಿ ಒಂದು ಎಸಳು ಎತ್ತಿ ಬೆಳಕಿಗೆ ಹಿಡಿದಳು. ನೋಡಿ, ತಟ್ಟೆಗೇ ಹಾಕಿದಳು. ಸುಳ್ಳನ್ನು ಅವಳು ತೆಗೆದುಕೊಂಡಳೋ ಬಿಟ್ಟಳೋ ಮುಖದಲ್ಲಿ ಕಾಣಲಿಲ್ಲ.

ಮರುದಿನದಿಂದ ಅವನು ಹರಿತ ಚಾಕುವಿನಲ್ಲೇ ದಪ್ಪಗೆ ಹೆಚ್ಚತೊಡಗಿದ. ಮೊಂಡು ಎಂದು ನಂಬಲಿ ಎಂದು ಅಲಗನ್ನು ಬೇಕೆಂದೇ ಹಿಂದೆ ಮುಂದೆ ಎಳೆದಾಡಿದ. ಅವಳು ನಂಬಿದ ಹಾಗೇ ಇದ್ದಳು. ತಲೆ ಬಾಚಿಕೊಂಡಳು. ಒಂದು ದಿನ ಅಕ್ಕನ ಜೊತೆ ಬೀದಿಯ ತುದಿಯವರೆಗೆ ನಡೆದು ಬಂದಳಂತೆ. "ಇವತ್ತು ಸಾರಿನ ರುಚಿ ಅವಳೇ ನೋಡಿದ್ಲು ಕಣೋ, ಉಪ್ಪು ಕಡಿಮೆ ಅಂತ ನನಗೇ ಬೈದ್ಲು," ಎಂದು ಅಕ್ಕ ಕಣ್ಣರಳಿಸಿ ಹೇಳಿದಳು. ಕಸಿಗಾರ ಆ ರಾತ್ರಿ ಮೊದಲ ಸಲ ನಿದ್ದೆ ಮಾಡಿದ. ನಿದ್ದೆಯಲ್ಲೂ ಕೈ ಸೊಂಟದ ಮೇಲೇ ಇತ್ತು.

ಆಮೇಲೆ ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಬಂದು ಕಲ್ಲಿನ ಈಚೆಗೆ, ಅವನ ಎದುರಿಗೇ ಕೂತಳು. ಅವನು ಹೆಚ್ಚುವುದನ್ನು ನೋಡುತ್ತಿದ್ದಳು.

"ನಿಮ್ಮ ಕಣ್ಣಲ್ಲಿ ನೀರು ಬರ್ತಿಲ್ಲ," ಎಂದಳು.

ಅವನ ಕೈ ನಿಂತಿತು.

"ಮೊಂಡು ಚಾಕು ಈರುಳ್ಳೀನ ಜಜ್ಜುತ್ತೆ. ಆಗ ಅಲ್ವಾ ಕಣ್ಣು ಉರಿಯೋದು? ಆವತ್ತು ತೆಳ್ಳಗೆ ಹೆಚ್ಚಿದ್ರಲ್ಲ, ಆವತ್ತಿಂದ ನೀವು ಅತ್ತಿಲ್ಲ. ನಂಗೆ ಆವತ್ತಿಂದಾನೇ ಗೊತ್ತು." ದನಿಯಲ್ಲಿ ಕೋಪವಿರಲಿಲ್ಲ. "ಗೊತ್ತಿದ್ದೂ ಸುಮ್ಮನೆ ಇದ್ದೆ. ನಿಮ್ಮ ಜೊತೆಗೇ ಇದ್ದೆ."

ಅವನು "ಯಜಮಾನ್ರು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ.

ಅವಳು ಬಲಗೈ ಚಾಚಿದಳು. ಅಂಗೈ ಮೇಲಾಗಿ. "ಕೊಡಿ ಇಲ್ಲಿ. ನಾನು ಹೆಚ್ತೀನಿ."

"ಆಯ್ತಲ್ಲ, ಮುಗೀತಲ್ಲ. ಇನ್ನೇನಿದೆ?"

"ಒಂದೇ ಈರುಳ್ಳಿ. ನೀವು ಇಲ್ಲೇ ಕೂತಿರಿ, ಕಣ್ಣೆದುರಿಗೆ."

ಅವನು ಚಾಕು ಮಡಚಿಯಾಗಿತ್ತು. ಯಾವಾಗ ಮಡಚಿದನೋ, ಯಾವಾಗ ಜೇಬಿಗೆ ಹೋಯಿತೋ ಅವನಿಗೇ ತಿಳಿಯದು.

"ನನ್ಮೇಲೆ ನಂಬಿಕೆ ಇಲ್ವಾ ಅಂತ ಕೇಳಲ್ಲ," ಎಂದಳು ಅವಳು. "ಇಲ್ಲ ಅಂತ ಗೊತ್ತು. ನಂಗೇ ಇಲ್ಲ. ಆದ್ರೂ ಕೊಡಿ. ಯಾರಾದ್ರೂ ಒಬ್ರು ಕೊಡ್ಬೇಕಲ್ಲ?"

ಜೇಬಿನೊಳಗೆ ಅವನ ಬೆರಳು ಹಿಡಿಯನ್ನು ಸುತ್ತಿಕೊಂಡಿದ್ದವು. ಮರ ಬೆಚ್ಚಗಿತ್ತು. ಕೊಡು, ಕೊಡೋ ಮುಠ್ಠಾಳ, ಇನ್ನು ಕೇಳಲಾರಳು ಎಂದು ಒಳಗೆ ಒಂದು ದನಿ ಬಡಿದುಕೊಳ್ಳುತ್ತಿತ್ತು. ಅವಳ ಇನ್ನೊಂದು ಕೈ ಮಂಡಿಯ ಮೇಲಿತ್ತು, ತೋಳಿನ ಬಟ್ಟೆ ಮಣಿಕಟ್ಟು ದಾಟಿ ಬೆರಳವರೆಗೆ ಇಳಿದಿತ್ತು. ಅವನ ಕಣ್ಣು ಅಲ್ಲಿಗೆ ಹೋಯಿತು. ಹೋಗಬಾರದಿತ್ತು. ಕಿಟಕಿಯ ಕಟ್ಟೆ ನೆನಪಾಯಿತು, ಚೆಲ್ಲಿದ ಹಾಲು ನೆನಪಾಯಿತು. ಬೆರಳು ಬಿಡಿಸಿಕೊಳ್ಳಲಿಲ್ಲ.

"ಕೆಲಸಕ್ಕೆ ಹೊತ್ತಾಯ್ತು," ಎಂದ.

ಅವಳ ಅಂಗೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದನ್ನು ಬಟ್ಟೆಗೆ ಒರೆಸಿಕೊಂಡಳು, ಒದ್ದೆಯಾಗಿದ್ದ ಹಾಗೆ. "ಸರಿ," ಎಂದು ಎದ್ದು ಒಳಗೆ ಹೋದಳು.

ಮರುದಿನ ಅವಳು ಬಾಗಿಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮತ್ತೆ ಹೂಂ, ಬೇಡ, ಸಾಕು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅಕ್ಕ ಎಬ್ಬಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಏನು ಮಾಡ್ದೆಯೋ? ಏನಂದೆಯೋ ಅವಳಿಗೆ?" ಎಂದು ಅಕ್ಕ ಗದರಿದಳು. ಏನೂ ಅನ್ನಲಿಲ್ಲ ಎಂದ. ಅದು ನಿಜವೇ ಆಗಿತ್ತು.

ಅವನು ಸುಳ್ಳು ಹೆಚ್ಚುವುದನ್ನು ಬಿಟ್ಟ. ದಿನದಿಂದ ದಿನಕ್ಕೆ ತೆಳ್ಳಗೆ, ಇನ್ನೂ ತೆಳ್ಳಗೆ ಹೆಚ್ಚಿದ. ಹೊಗಳದಿದ್ದರೆ ಬೈಯಲಿ, ಇಷ್ಟು ತೆಳ್ಳಗಾದರೆ ಬಾಣಲೆಯಲ್ಲಿ ಸೀದುಹೋಗುತ್ತೆ ಎಂದಾದರೂ ಬಾಗಿಲಿಗೆ ಬಂದು ಹೇಳಲಿ ಎಂದು. ಹೊರಡುವಾಗ ತಟ್ಟೆಯನ್ನು ಹೊಸ್ತಿಲ ಮೇಲೆ, ಅವಳಿಗೆ ಕಾಣುವ ಹಾಗೆ ಇಟ್ಟು ಹೋಗುತ್ತಿದ್ದ. ಕೈ ಚಾಚಿದರೆ ಈ ಸಲ ಕೊಡುತ್ತೇನೆ ಎಂದು ದಿನವೂ ತನಗೆ ತಾನೇ ಆಣೆ ಇಟ್ಟುಕೊಳ್ಳುತ್ತಿದ್ದ. ಕೈ ಚಾಚುವವರು ಯಾರೂ ಇರಲಿಲ್ಲ.

ತಿಂಗಳು ತುಂಬುವ ಮೊದಲೇ ಹೊಸ ಕಸಿಗಳು ಚಿಗುರಿದವು. ಪಟ್ಟಿ ಕಟ್ಟುವ ಹೆಂಗಸೇ ಮೊದಲು ನೋಡಿದ್ದು. "ಅಣ್ಣಾ, ಬನ್ನಿ ಇಲ್ಲಿ, ಬನ್ನಿ!" ಎಂದು ಕೂಗಿದಳು. ಸಾಲಿಗೆ ಸಾಲೇ ಕಡ್ಡಿಯ ತುದಿಯಲ್ಲಿ ಕೆಂಪು ಎಲೆ ಬಿಚ್ಚುತ್ತಿತ್ತು. ಒಂದೂ ಕಪ್ಪಾಗಿರಲಿಲ್ಲ. ಯಜಮಾನ ದೂರದಿಂದಲೇ ನೋಡಿ ತಲೆಯಾಡಿಸಿ ಹೋದ. ಅವಳು ಒಂದು ಕಸಿಯ ಕುತ್ತಿಗೆ ಸವರಿ, "ಎಲ್ಲಿ ಕೂಡಿದೆ ಅಂತಾನೇ ಗೊತ್ತಾಗಲ್ಲ ನೋಡಿ," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮನೇಲಿ ಅತ್ತಿಗೆ ಹೇಗಿದ್ದಾರೆ?" ಎಂದು ಕೇಳಿದಳು.

"ಚೆನ್ನಾಗಿದ್ದಾಳೆ," ಎಂದ.

ಸಂಜೆ ಮನೆಗೆ ಬಂದಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಡಲು ನಿಂತಿದ್ದಳು. "ಇವತ್ತು ಎದ್ದೇ ಇಲ್ಲ," ಎಂದಷ್ಟೇ ಹೇಳಿ, ತಮ್ಮನ ಮುಖ ನೋಡಲಾರದೆ ಹೋದಳು. ಬೆಳಿಗ್ಗೆ ಇಟ್ಟ ತಟ್ಟೆ ಹಿತ್ತಿಲ ಹೊಸ್ತಿಲ ಮೇಲೆ ಇಟ್ಟ ಹಾಗೇ ಇತ್ತು. ಒಲೆ ಹತ್ತಿಸಿದ ಗುರುತಿರಲಿಲ್ಲ.

ಅವನು ಒಳಗೆ ಹೋಗಿ ಹಾಸಿಗೆಯ ಪಕ್ಕ ನಿಂತ. ಅವಳ ಬೆನ್ನು ಇವನ ಕಡೆಗಿತ್ತು. ಹೊದಿಕೆ ಮೆಲ್ಲಗೆ ಏಳುತ್ತ ಇಳಿಯುತ್ತ ಇರುವುದನ್ನು ಮೊದಲು ನೋಡಿಕೊಂಡ. ಈಗೀಗ ಮನೆಗೆ ಬಂದರೆ ಮೊದಲು ನೋಡುವುದು ಅದನ್ನೇ. ಆಮೇಲೆ ಜೇಬಿನಿಂದ ಚಾಕು ತೆಗೆದು, ಮಡಚಿದ್ದನ್ನು ಮಡಚಿದ ಹಾಗೇ ಅವಳ ದಿಂಬಿನ ಕಡೆಗೆ ಚಾಚಿದ. ಅಲ್ಲಿಡಲು ಆಗಲಿಲ್ಲ. ತಿರುಗಿ ಜೇಬಿಗೇ ಹಾಕಿಕೊಂಡ. ಅವಳು ತಿರುಗಿ ನೋಡಲಿಲ್ಲ.

"ಇವತ್ತು ಈರುಳ್ಳಿ ದಪ್ಪ ಆಗಿತ್ತಾ?" ಎಂದು ಕೇಳಿದ.

ಗೋಡೆಯ ಕಡೆಯಿಂದ ಉತ್ತರ ಬಂತು.

"ನೋಡ್ಲಿಲ್ಲ."

ಅವನು ಹಿತ್ತಿಲಿಗೆ ಬಂದು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತ. ಈರುಳ್ಳಿ ಬಿಸಿಲಿಗೆ ಒಣಗಿ ಅಂಚು ಮುರುಟಿಕೊಂಡಿತ್ತು. ಬಲಗೈ ಜೇಬಿನ ಮೇಲಿತ್ತು, ಅದನ್ನು ತೆಗೆಯಲಿಲ್ಲ. ಎಡಗೈಯಿಂದ ಒಂದು ಎಸಳು ಎತ್ತಿ, ಗೋಡೆಯಾಚೆ ಇಳಿಯುತ್ತಿದ್ದ ಬಿಸಿಲಿಗೆ ಹಿಡಿದ. ಬೆಳಕು ದಾಟುತ್ತಿತ್ತು.